ನಿಮ್ಮ ಫರ್ಮ್‌ವೇರ್ ಲೇಖನವನ್ನು ಈಗಲೇ ಯಾಕೆ ಹಾಕುತ್ತಿಲ್ಲ

ನಮಸ್ಕಾರ,

‘ಬೂಟ್ ಆದ ಮೇಲೆ ಫರ್ಮ್‌ವೇರ್ ಎಲ್ಲಿ ಹೋಗುತ್ತದೆ’ ಅಂತ, ಅಂದರೆ ಯಂತ್ರ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್‌ನ ಸಾಫ್ಟ್‌ವೇರ್ ಆಮೇಲೆ ಏನಾಗುತ್ತದೆ ಅಂತ, ನೀವು ಕಳಿಸಿದ ಲೇಖನ ಓದಿದೆ. ನೇರವಾಗಿ ಹೇಳುತ್ತೇನೆ, ಇದನ್ನು ಹೀಗೇ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಲಿನಕ್ಸ್ ಹಾಕಿಕೊಳ್ಳುವುದು ಹೇಗೆ, ಯಾವ ಡಿಸ್ಟ್ರೋ ಒಳ್ಳೆಯದು ಅನ್ನುವ ಬರಹಗಳು ನಮಗೆ ಬೇಕಾದಷ್ಟು ಬರುತ್ತವೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸೋರ್ಸ್ ತೆರೆದು ಅಲ್ಲಿ ಏನು ನಡೆಯುತ್ತದೆ ಅಂತ ಕನ್ನಡದಲ್ಲಿ ಹೇಳಲು ಹೊರಡುವವರು ತೀರಾ ಕಡಿಮೆ. ನೀವು ಹೊರಟಿದ್ದೀರಿ, ಅದೂ ಹೆಚ್ಚು ಜನ ಮುಟ್ಟದ ಮೂಲೆಗೆ. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಮೊದಲ ಐದು ಪ್ಯಾರಾ ತೆಗೆದುಬಿಡಿ. ಕಂಪ್ಯೂಟರ್ ಹೇಗೆ ಹುಟ್ಟಿತು, ಬಯೋಸ್ ಅಂದರೇನು, ನೀಲಿ ಪರದೆಯಲ್ಲಿ ಬಾಣದ ಕೀ ಒತ್ತುತ್ತಿದ್ದ ಕಾಲ ಹೇಗಿತ್ತು, ಇದ್ಯಾವುದೂ ಮುಂದೆ ಕೆಲಸಕ್ಕೆ ಬರುವುದಿಲ್ಲ. ಬಯೋಸ್ ಜಾಗಕ್ಕೆ ಬಂದ ಯುಇಎಫ್‌ಐ ಬಗ್ಗೆ ಎರಡು ಸಾಲು ಸಾಕು: ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗೆ ಇಎಫ್‌ಐ ಅಂತ ಶುರು ಮಾಡಿದ್ದು, 2005ರಿಂದ ಯುಇಎಫ್‌ಐ ಫೋರಂ ನೋಡಿಕೊಳ್ಳುತ್ತಿದೆ. ಆಮೇಲೆ ಸೀದಾ ವಿಷಯಕ್ಕೆ ಬನ್ನಿ.

ಈಗ ದೊಡ್ಡ ತೊಂದರೆ. ನಿಮ್ಮ ಇಡೀ ಲೇಖನ ನಿಂತಿರುವ ವಾಕ್ಯವೇ ತಪ್ಪು. ‘ಎಕ್ಸಿಟ್ ಬೂಟ್ ಸರ್ವಿಸಸ್ ಕರೆದ ಕೂಡಲೇ ಫರ್ಮ್‌ವೇರ್ ಬಾಡಿಗೆದಾರನ ಹಾಗೆ ಮನೆ ಖಾಲಿ ಮಾಡಿ ಬೀಗದ ಕೈ ಕೊಟ್ಟು ಹೋಗುತ್ತದೆ, ಇಡೀ ಮೆಮೊರಿ ಕರ್ನಲ್‌ಗೆ ಸಿಗುತ್ತದೆ’ ಅಂತ ಬರೆದಿದ್ದೀರಿ. ಹೋಲಿಕೆ ಓದಲು ಚೆನ್ನಾಗಿದೆ. ಆದರೆ ಬಾಡಿಗೆದಾರ ಹೋಗಿಯೇ ಇಲ್ಲ! ಒಂದೆರಡು ಕೋಣೆ ಇಟ್ಟುಕೊಂಡು ಒಳಗೇ ಇದ್ದಾನೆ, ಮನೆಯ ಮಾಲೀಕ ಆಗಾಗ ಹೋಗಿ ಅವನ ಬಾಗಿಲು ತಟ್ಟಬೇಕು. ಆ ಕರೆಯಿಂದ ಮುಗಿಯುವುದು ಬೂಟ್ ಸರ್ವಿಸಸ್ ಮಾತ್ರ, ಅಂದರೆ ಯಂತ್ರ ಏಳುವ ಹೊತ್ತಿಗೆ ಫರ್ಮ್‌ವೇರ್ ಕೊಡುವ ಸೇವೆಗಳು. ರನ್‌ಟೈಮ್ ಸರ್ವಿಸಸ್ ಅನ್ನುವ ಇನ್ನೊಂದು ಗುಂಪು ಯಂತ್ರ ಆಫ್ ಆಗುವವರೆಗೂ ಜೀವಂತವಾಗಿರುತ್ತದೆ.

ಇದನ್ನು ಓದುಗರಿಗೆ ಮುಟ್ಟಿಸಲು ಅವರೇ ಮಾಡುವ ಕೆಲಸದಿಂದ ಶುರು ಮಾಡಿ. ಯಾರೋ ಟರ್ಮಿನಲ್‌ನಲ್ಲಿ ಇಎಫ್‌ಐ ಬೂಟ್ ಮ್ಯಾನೇಜರ್ ಓಡಿಸಿ ಬೂಟ್ ಕ್ರಮ ಬದಲಿಸುತ್ತಾರೆ ಅಂದುಕೊಳ್ಳಿ. ಆ ಕ್ರಮ ಇರುವುದು ಮದರ್‌ಬೋರ್ಡ್‌ನ ಫ್ಲ್ಯಾಶ್‌ನಲ್ಲಿ. ಅಲ್ಲಿ ಬರೆಯುವ ಬಗೆ ಕರ್ನಲ್‌ಗೆ ಗೊತ್ತಿಲ್ಲ, ಫರ್ಮ್‌ವೇರ್‌ಗೆ ಗೊತ್ತು. ಹಾಗಾಗಿ ಕರ್ನಲ್ ಹೋಗಿ ಫರ್ಮ್‌ವೇರ್‌ನ ಸೆಟ್ ವೇರಿಯಬಲ್ ಅನ್ನುವ ಫಂಕ್ಷನ್ ಕರೆಯುತ್ತದೆ. ಆ ಕ್ಷಣದಲ್ಲಿ ಸಿಪಿಯು ಮೇಲೆ ಓಡುವುದು ಲಿನಕ್ಸ್ ಕೋಡ್ ಅಲ್ಲ. ಬೋರ್ಡ್ ಮಾಡಿದವರು ಬರೆದ, ನಮ್ಮ ಕೈಯಲ್ಲಿ ಸೋರ್ಸ್ ಇಲ್ಲದ ಕೋಡ್, ಅದೂ ಕರ್ನಲ್‌ಗೆ ಇರುವಷ್ಟೇ ಅಧಿಕಾರದಲ್ಲಿ, ರಿಂಗ್ ಸೊನ್ನೆಯಲ್ಲಿ. ಗಡಿಯಾರ ಓದುವುದು, ಯಂತ್ರ ರೀಸೆಟ್ ಮಾಡುವುದು, ಕ್ಯಾಪ್ಸೂಲ್ ಮೂಲಕ ಫರ್ಮ್‌ವೇರ್ ಅಪ್‌ಡೇಟ್ ಕಳಿಸುವುದು, ಇವೂ ಇದೇ ಗುಂಪಿನ ಕೆಲಸಗಳು. ಆ ಕೋಡ್ ಓಡಬೇಕಾದರೆ ಅದರ ಕೋಡ್ ಮತ್ತು ಡೇಟಾ ಇರುವ ಪುಟಗಳು, ಅಂದರೆ ಮೆಮೊರಿಯ ತುಂಡುಗಳು, ಎಲ್ಲೋ ಮ್ಯಾಪ್ ಆಗಿರಲೇಬೇಕು, ಅಂದರೆ ಯಾವುದೋ ವಿಳಾಸಕ್ಕೆ ಜೋಡಿಸಿರಲೇಬೇಕು ಅಲ್ವಾ? ಎಲ್ಲಿ, ಯಾವಾಗ, ಎಷ್ಟು ನಂಬಿಕೆಯಿಂದ ಮ್ಯಾಪ್ ಮಾಡಬೇಕು ಅನ್ನುವುದೇ ನಿಮ್ಮ ವಿಷಯ. ನೀವು ಅದರ ಸುತ್ತ ತಿರುಗಿದ್ದೀರಿ, ಒಳಗೆ ಹೋಗಿಲ್ಲ.

ಮೆಮೊರಿಯ ಯಾವ ಭಾಗ ಯಾವುದಕ್ಕೆ ಅಂತ ಫರ್ಮ್‌ವೇರ್ ಹೇಳುವ ಮೆಮೊರಿ ಮ್ಯಾಪ್ ಪಟ್ಟಿಯ ಭಾಗ ನಿಮ್ಮ ಲೇಖನದಲ್ಲಿ ಚೆನ್ನಾಗಿದೆ. ಪ್ರತಿ ನಮೂದಿನಲ್ಲಿ ಬಗೆ, ಫಿಸಿಕಲ್ ವಿಳಾಸ (ಮೆಮೊರಿಯ ನಿಜವಾದ ಜಾಗ), ವರ್ಚುವಲ್ ವಿಳಾಸ (ಓಡುವ ಕೋಡ್ ಬಳಸುವ ವಿಳಾಸ), 4 ಕೆಬಿ ಪುಟಗಳ ಲೆಕ್ಕ, ಗುಣಗಳು ಇರುತ್ತವೆ ಅಂತ ಸರಿಯಾಗಿ ಹೇಳಿದ್ದೀರಿ. ಆದರೆ ಜೊತೆಗೆ ಕೊಟ್ಟ ಸಿ ಕೋಡ್‌ನಲ್ಲಿ ಒಂದು ನಮೂದಿನಿಂದ ಮುಂದಿನದಕ್ಕೆ ಹೋಗಲು ಸ್ಟ್ರಕ್ಟ್‌ನ (ಒಂದು ನಮೂದಿನ ರಚನೆಯ) ಗಾತ್ರವನ್ನೇ ಬಳಸಿದ್ದೀರಿ. ಅದು ಬಗ್. 64-ಬಿಟ್‌ನಲ್ಲಿ ಸ್ಟ್ರಕ್ಟ್ 40 ಬೈಟ್, ಆದರೆ ಫರ್ಮ್‌ವೇರ್ ತಾನು ಬಳಸುವ ಗಾತ್ರವನ್ನು ಬೇರೆಯಾಗಿ ಹೇಳುತ್ತದೆ, ನಡೆಯಬೇಕಾದದ್ದು ಆ ಹೆಜ್ಜೆಯಲ್ಲಿ. ಇಡಿಕೆ2 ಅನ್ನುವ ತೆರೆದ ಫರ್ಮ್‌ವೇರ್ ಕೋಡ್‌ನಲ್ಲಿ ಇದನ್ನು ಬೇಕಂತಲೇ 48 ಮಾಡಿದ್ದಾರೆ. ನೀವು ಮಾಡಿದಂಥ ತಪ್ಪು ಲೆಕ್ಕ ಮೊದಲ ಓಟದಲ್ಲೇ ಸಿಕ್ಕಿಬೀಳಲಿ ಅಂತ, ಹಾಗಂತ ಕಾಮೆಂಟ್ ಕೂಡ ಬರೆದಿದ್ದಾರೆ. ಕೋಡ್ ತಿದ್ದಿ, ಈ ಸಂಗತಿಯನ್ನೂ ಸೇರಿಸಿ. ಓದುಗರು ಇಂಥದ್ದನ್ನು ಮರೆಯುವುದಿಲ್ಲ.

ಮುಂದೆ, ಬೂಟ್ ಸರ್ವಿಸಸ್‌ನ ಮೆಮೊರಿ. ಎಕ್ಸಿಟ್ ಆದ ಮರುಕ್ಷಣ ಅದೆಲ್ಲ ಸಾಮಾನ್ಯ ರ‍್ಯಾಮ್ ಆಗುತ್ತದೆ ಅಂದಿದ್ದೀರಿ. ನಿಯಮದ ಪುಸ್ತಕ ಹಾಗೇ ಹೇಳುತ್ತದೆ, ಯಂತ್ರಗಳು ಹಾಗೆ ನಡೆದುಕೊಳ್ಳುವುದಿಲ್ಲ. ಕೆಲವು ಫರ್ಮ್‌ವೇರ್‌ಗಳು ವರ್ಚುವಲ್ ವಿಳಾಸಕ್ಕೆ ಬದಲಾಗುವ ಹೊತ್ತಿನಲ್ಲಿ ತಾವೇ ಬಿಟ್ಟುಕೊಟ್ಟ ಬೂಟ್ ಸರ್ವಿಸಸ್ ಜಾಗವನ್ನು ಮತ್ತೆ ಮುಟ್ಟುತ್ತವೆ. ಅಷ್ಟರಲ್ಲಿ ಕರ್ನಲ್ ಆ ಪುಟಗಳನ್ನು ಬೇರೆಯದಕ್ಕೆ ಕೊಟ್ಟಿದ್ದರೆ ಮುಗಿಯಿತು, ಯಂತ್ರ ಅಲ್ಲೇ ಬೀಳುತ್ತದೆ. 2011ರಲ್ಲಿ ಕರ್ನಲ್ ಡೆವಲಪರ್ ಮ್ಯಾಥ್ಯೂ ಗ್ಯಾರೆಟ್ ಇದಕ್ಕೆ ಪ್ಯಾಚ್ ಬರೆದರು, ಕರ್ನಲ್‌ನ 3.0 ಆವೃತ್ತಿಗೆ ಸೇರಿತು. ಅಂದಿನಿಂದ ಎಕ್ಸ್86 (ಇಂಟೆಲ್, ಎಎಂಡಿ ಬಗೆಯ ಸಿಪಿಯು) ಲಿನಕ್ಸ್ ಆ ಜಾಗವನ್ನು ಕಾದಿರಿಸಿಕೊಂಡು, ಬದಲಾವಣೆ ಮುಗಿದ ಮೇಲಷ್ಟೇ ಬಿಡುಗಡೆ ಮಾಡುತ್ತದೆ. ಅದರಲ್ಲೂ ಎಲ್ಲವನ್ನೂ ಬಿಡುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡಿದಾಗ ಕಾಣುವ ಕಂಪನಿಯ ಲೋಗೋ ಚಿತ್ರ ಇರುವುದು ಬೂಟ್ ಸರ್ವಿಸಸ್ ಡೇಟಾದಲ್ಲಿ. ಡೆಸ್ಕ್‌ಟಾಪ್ ಬರುವವರೆಗೆ ಅದೇ ಲೋಗೋ ತೋರಿಸಲು ಆ ಚಿತ್ರ ಬೇಕು, ಹಾಗಾಗಿ ಕರ್ನಲ್ ಆ ತುಂಡನ್ನು ಉಳಿಸಿಕೊಳ್ಳುತ್ತದೆ. ಯಾವ ಯಾವ ಫರ್ಮ್‌ವೇರ್ ಭಾಗಕ್ಕೆ ಅಪ್‌ಡೇಟ್ ಕಳಿಸಬಹುದು ಅನ್ನುವ ಪಟ್ಟಿಯನ್ನೂ ಹಾಗೇ ಉಳಿಸಿಕೊಳ್ಳುತ್ತದೆ. ಈ ಲೋಗೋ ಎಲ್ಲರೂ ದಿನಾ ನೋಡುವ ಚಿತ್ರ. ಅದು ನಿಮ್ಮ ಲೇಖನದಲ್ಲಿ ಒಂದೇ ಒಂದು ಕಡೆ ಕೂಡ ಇಲ್ಲ ಅಂದರೆ ನನಗೆ ಬೇಸರವೇ ಆಯಿತು.

ಈಗ ನಿಜವಾದ ಕಥೆಗೆ ಬರೋಣ. ನೀವು ಅದನ್ನು ಕೊನೆಯಿಂದ ಎರಡನೇ ಪ್ಯಾರಾದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ, ಅದೂ ತಪ್ಪಾಗಿ: ‘ಬೇಕಾದಾಗಲೆಲ್ಲ ಕರ್ನಲ್ ಸೆಟ್ ವರ್ಚುವಲ್ ಅಡ್ರೆಸ್ ಮ್ಯಾಪ್ ಕರೆದು ಜಾಗ ಬದಲಿಸಬಹುದು.’ ಬದಲಿಸಲು ಆಗುವುದಿಲ್ಲ. ಒಂದು ಬೂಟ್‌ಗೆ ಒಂದೇ ಸಲ. ಕರೆದಾಗ ಫರ್ಮ್‌ವೇರ್ ತನ್ನೊಳಗಿನ ಪಾಯಿಂಟರ್‌ಗಳನ್ನೆಲ್ಲ (ಬರೆದಿಟ್ಟುಕೊಂಡ ವಿಳಾಸಗಳನ್ನೆಲ್ಲ) ಕರ್ನಲ್ ಕೊಟ್ಟ ಹೊಸ ವಿಳಾಸಗಳಿಗೆ ತಿದ್ದಿಕೊಳ್ಳುತ್ತದೆ, ಆಮೇಲೆ ಹಿಂದೆ ಹೋಗುವ ದಾರಿಯೇ ಇಲ್ಲ. ಲೇಖನದ ಬೆನ್ನೆಲುಬು ಇದೇ ಆಗಬೇಕು. ಉಳಿದ ಮುಕ್ಕಾಲು ಪಾಲು ತೊಡಕುಗಳು ಇಲ್ಲಿಂದಲೇ ಹುಟ್ಟುತ್ತವೆ.

ಹೇಗೆ ಅಂದರೆ, ಕೆಎಕ್ಸೆಕ್ ನೋಡಿ. ಓಡುತ್ತಿರುವ ಕರ್ನಲ್ ಫರ್ಮ್‌ವೇರ್ ಅನ್ನು ದಾಟಿಕೊಂಡು ನೇರವಾಗಿ ಇನ್ನೊಂದು ಕರ್ನಲ್‌ಗೆ ಜಿಗಿಯುವ ಉಪಾಯ ಅದು. ಸರ್ವರ್ ಕುಸಿದಾಗ ಮೆಮೊರಿಯನ್ನು ಫೈಲ್‌ಗೆ ಇಳಿಸಿಕೊಳ್ಳುವ ಕೆಡಂಪ್ ನಿಂತಿರುವುದು ಅದರ ಮೇಲೇ. ಮೊದಲ ಕರ್ನಲ್ ಆಗಲೇ ಆ ಒಂದು ಕರೆ ಖರ್ಚು ಮಾಡಿಬಿಟ್ಟಿದೆ. ಎರಡನೇ ಕರ್ನಲ್‌ಗೆ ಅವಕಾಶವಿಲ್ಲ, ಫರ್ಮ್‌ವೇರ್ ಮಾತ್ರ ಹಳೆಯ ವರ್ಚುವಲ್ ವಿಳಾಸಗಳನ್ನೇ ಹಿಡಿದುಕೊಂಡು ಕೂತಿದೆ. ಏನು ಮಾಡುವುದು? 2014ರ 3.14 ಆವೃತ್ತಿಯಲ್ಲಿ ಬಂದ ಉತ್ತರ ಸರಳವಾಗಿದೆ, ನನಗೆ ತುಂಬ ಇಷ್ಟ. ಬೊರಿಸ್ಲಾವ್ ಪೆಟ್ಕೊವ್ ಬರೆದ ಬದಲಾವಣೆ ಫರ್ಮ್‌ವೇರ್‌ಗೆ ಅಂತಲೇ ವರ್ಚುವಲ್ ವಿಳಾಸಗಳ ಮೇಲಿನ ತುದಿಯಲ್ಲಿ 64 ಜಿಬಿ ಅಗಲದ ಜಾಗ ಮೀಸಲಿಟ್ಟಿತು. ತುತ್ತತುದಿಯಿಂದ 4 ಜಿಬಿ ಕೆಳಗೆ ಶುರುವಾಗಿ 68 ಜಿಬಿಯವರೆಗೆ ಅದು ಕೆಳಮುಖವಾಗಿ ಹೋಗುತ್ತದೆ. ಜಾಗ ಗೊತ್ತಾದದ್ದು, ಆದ್ದರಿಂದ ಎರಡನೇ ಕರ್ನಲ್ ಕೂಡ ಅದೇ ವಿಳಾಸಗಳಲ್ಲಿ ಅದೇ ಮ್ಯಾಪಿಂಗ್ ಕಟ್ಟಿಕೊಂಡು, ಆ ಕರೆ ಮಾಡದೆಯೇ ಫರ್ಮ್‌ವೇರ್ ಬಳಸಬಹುದು. ಮೊದಲ ಕರ್ನಲ್ ಯಾವುದನ್ನು ಎಲ್ಲಿಟ್ಟಿದೆ ಅನ್ನುವ ವಿವರ, ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳ ಹಾಗೆ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಫರ್ಮ್‌ವೇರ್, ಇಎಫ್‌ಐ, ರನ್‌ಟೈಮ್-ಮ್ಯಾಪ್ ಅನ್ನುವ ಫೋಲ್ಡರ್‌ನಲ್ಲಿ ಸಿಗುತ್ತದೆ, ಕೆಎಕ್ಸೆಕ್ ಅದನ್ನು ಓದಿ ಮುಂದಿನವರಿಗೆ ದಾಟಿಸುತ್ತದೆ.

ಇಷ್ಟಾದರೂ ಹಳೆಯ ಫಿಸಿಕಲ್ ವಿಳಾಸವನ್ನೇ ವರ್ಚುವಲ್ ವಿಳಾಸ ಅಂತ ಇಟ್ಟುಕೊಂಡ ಇನ್ನೊಂದು ಮ್ಯಾಪಿಂಗ್ ಕೂಡ ಜೊತೆಯಲ್ಲೇ ಇರುತ್ತದೆ. ಯಾಕೆ ಅಂತ ನೀವು ಕೇಳಿಕೊಳ್ಳಬೇಕಿತ್ತು. ಕೆಲವು ಫರ್ಮ್‌ವೇರ್‌ಗಳು ಎಲ್ಲ ಪಾಯಿಂಟರ್‌ಗಳನ್ನೂ ತಿದ್ದಿಕೊಳ್ಳುವುದಿಲ್ಲ. ಮರೆತ ಒಂದು ಪಾಯಿಂಟರ್ ಹಳೆಯ ವಿಳಾಸಕ್ಕೆ ಹೋದರೂ ಅಲ್ಲಿ ಸರಿಯಾದ ಪುಟ ಸಿಗಲಿ, ಯಂತ್ರ ಬೀಳದಿರಲಿ ಅಂತ.

2015ರ ಘಟನೆಯನ್ನೂ ಬಿಡಬೇಡಿ. ಯುಇಎಫ್‌ಐ 2.5ರಲ್ಲಿ ಫರ್ಮ್‌ವೇರ್ ಡ್ರೈವರ್‌ಗಳ ಕೋಡ್ ಮತ್ತು ಡೇಟಾವನ್ನು ಬೇರೆ ಬೇರೆ ನಮೂದುಗಳಾಗಿ ಒಡೆಯುವ ಸೌಲಭ್ಯ ಬಂತು. ಉದ್ದೇಶ ಒಳ್ಳೆಯದೇ: ಕೋಡ್‌ಗೆ ಬರೆಯುವ ಅನುಮತಿ ಬೇಡ, ಡೇಟಾಗೆ ಓಡುವ ಅನುಮತಿ ಬೇಡ. ಆದರೆ ಒಂದೇ ಡ್ರೈವರ್‌ನ ಕೋಡ್ ತನ್ನ ಡೇಟಾವನ್ನು ‘ನನ್ನಿಂದ ಇಷ್ಟು ಬೈಟ್ ಮುಂದೆ’ ಅಂತ ಹುಡುಕುತ್ತದೆ. ಲಿನಕ್ಸ್ ಆಗ ನಮೂದುಗಳನ್ನು ಮೇಲಿಂದ ಕೆಳಕ್ಕೆ ಒಂದೊಂದಾಗಿ ಇಡುತ್ತಿತ್ತು, ಹಾಗಾಗಿ ತುಂಡುಗಳ ಕ್ರಮ ತಿರುವುಮುರುವಾಗಿ, ಕೋಡ್ ಹುಡುಕಿದ ಕಡೆ ಡೇಟಾ ಇರಲೇ ಇಲ್ಲ. ಬೂಟ್‌ನಲ್ಲೇ ಕ್ರ್ಯಾಶ್. ತುಂಡುಗಳ ನಡುವಿನ ಅಂತರ ಹಾಗೇ ಇರಬೇಕು ಅಂತ ಎಲ್ಲಿಯೂ ಬರೆದಿರಲಿಲ್ಲ. ಮ್ಯಾಟ್ ಫ್ಲೆಮಿಂಗ್ ಅದೇ ವರ್ಷ ಕ್ರಮ ಬದಲಿಸಿ ಸರಿಮಾಡಿದರು. ಆಮೇಲೆ ಯುಇಎಫ್‌ಐ 2.6ರಲ್ಲಿ ಮೆಮೊರಿ ಮ್ಯಾಪ್ ಅನ್ನು ಒಡೆಯದೆ ಅನುಮತಿಗಳನ್ನು ಮಾತ್ರ ಬೇರೆ ಪಟ್ಟಿಯಲ್ಲಿ ಹೇಳುವ ಮೆಮೊರಿ ಆಟ್ರಿಬ್ಯೂಟ್ಸ್ ಟೇಬಲ್ ಬಂತು. ಲೇಖನದ ಮಧ್ಯದಲ್ಲಿ ನಿಂತು ಹೇಳಲು ಇದಕ್ಕಿಂತ ಒಳ್ಳೆಯ ಘಟನೆ ಸಿಗುವುದಿಲ್ಲ, ಎರಡು ಪ್ಯಾರಾ ಕೊಡಿ.

ಭದ್ರತೆಯ ಬಗ್ಗೆ ನೀವು ಬರೆದದ್ದು ಬರೀ ಆತಂಕ. ‘ಫರ್ಮ್‌ವೇರ್ ಏನು ಬೇಕಾದರೂ ಮಾಡಬಹುದು’ ಅಂದು ಸುಮ್ನೆ ಬಿಟ್ಟಿದ್ದೀರಿ. ಕರ್ನಲ್ ಏನು ಮಾಡಿದೆ ಅಂತಲೂ ಹೇಳಿ. 2016ರ 4.6ರಿಂದ ಎಕ್ಸ್86ನಲ್ಲಿ ಫರ್ಮ್‌ವೇರ್ ಮ್ಯಾಪಿಂಗ್‌ಗಳಿಗೆ ಬೇರೆಯದೇ ಪೇಜ್ ಟೇಬಲ್ (ಯಾವ ವರ್ಚುವಲ್ ವಿಳಾಸ ಯಾವ ಪುಟಕ್ಕೆ ಅನ್ನುವ ಪಟ್ಟಿ) ಇದೆ. ಕರೆ ಮಾಡುವ ಹೊತ್ತಿಗೆ ಮಾತ್ರ ಅದಕ್ಕೆ ಬದಲಾಗಿ, ಮುಗಿದ ಕೂಡಲೇ ವಾಪಸ್ ಬರುತ್ತದೆ, ಉಳಿದ ಹೊತ್ತು ಆ ಪುಟಗಳು ಯಾರಿಗೂ ಕಾಣುವುದಿಲ್ಲ. 2018ರಿಂದ ಹೆಚ್ಚಿನ ಕರೆಗಳು ಅದಕ್ಕೇ ಮೀಸಲಾದ ಒಂದು ವರ್ಕ್‌ಕ್ಯೂ (ಕೆಲಸಗಳ ಸರದಿ) ಮೂಲಕ ಒಂದಾದ ಮೇಲೊಂದು ಹೋಗುತ್ತವೆ. ಫರ್ಮ್‌ವೇರ್ ಮುಟ್ಟಬಾರದ ವಿಳಾಸ ಮುಟ್ಟಿ ಪೇಜ್ ಫಾಲ್ಟ್ ಆದರೆ ಇಡೀ ಕರ್ನಲ್ ಬೀಳುವುದಿಲ್ಲ. ಆ ಥ್ರೆಡ್ ಅನ್ನು ಅಲ್ಲೇ ನಿಲ್ಲಿಸಿ, ಇದು ಫರ್ಮ್‌ವೇರ್ ಬಗ್ ಅಂತ ಲಾಗ್‌ನಲ್ಲಿ ಬರೆದು, ರನ್‌ಟೈಮ್ ಸರ್ವಿಸಸ್ ಅನ್ನು ನಿಲ್ಲಿಸಿಬಿಡುತ್ತದೆ. ಇದು ಪೂರ್ತಿ ರಕ್ಷಣೆ ಅಲ್ಲ, ಯಾಕಂದರೆ ಒಳಗೆ ಓಡುವ ಕೋಡ್‌ನ ಅಧಿಕಾರ ಕಡಿಮೆಯಾಗಿಲ್ಲ. ಎರಡನ್ನೂ ಹೇಳಿದರೆ ಓದುಗರು ನಿಮ್ಮನ್ನು ನಂಬುತ್ತಾರೆ.

ಫರ್ಮ್‌ವೇರ್ ಬರೆಯುವವರನ್ನು ‘ಬೇಜವಾಬ್ದಾರಿ ಜನ’ ಅಂತ ಕರೆದದ್ದನ್ನು ತೆಗೆಯಿರಿ. ನೂರಾರು ಬೋರ್ಡ್, ಬಿಗಿಯಾದ ಗಡುವು, ಪರೀಕ್ಷೆಗೆ ಇರುವುದು ಯಂತ್ರದ ಜೊತೆ ಮಾರಾಟವಾಗುವ ಓಎಸ್. ಆ ಓಎಸ್ ಹೋಗದ ದಾರಿಯಲ್ಲಿ ಬಗ್ ಉಳಿಯುತ್ತದೆ. ಕಾರಣ ಇದು, ಬೈಗುಳದಿಂದ ಕಾರಣ ಗೊತ್ತಾಗುವುದಿಲ್ಲ.

ಇನ್ನೊಂದು ಬಗೆಯ ಸಿಪಿಯು ಆದ ಆರ್ಮ್64 ಬಗ್ಗೆ ‘ಅಲ್ಲಿಯೂ ಹೀಗೇ’ ಅಂದಿದ್ದೀರಿ. ಹೀಗೇ ಅಲ್ಲ. ಅಲ್ಲಿ ಮ್ಯಾಪಿಂಗ್ ಇರುವುದು ವಿಳಾಸಗಳ ಕೆಳಗಿನ ಅರ್ಧದಲ್ಲಿ, ಆ ಒಂದು ಸಲದ ಕರೆ ಮಾಡುವುದಾದರೆ ಅದನ್ನು ಕರ್ನಲ್‌ಗಿಂತ ಮೊದಲು ಓಡುವ ಇಎಫ್‌ಐ ಸ್ಟಬ್ ಮಾಡುತ್ತದೆ. ಬರೆಯಲು ಮನಸ್ಸಿದ್ದರೆ ಬೇರೆ ಲೇಖನ ಮಾಡಿ, ಇದರಲ್ಲಿ ಎಕ್ಸ್86 ಮಾತ್ರ ಇರಲಿ.

ಇನ್ನೊಂದು ಮಾತು. ಲೇಖನದ ಯಾವ ಸಾಲಿನಲ್ಲೂ ನಿಮ್ಮ ಯಂತ್ರ ಕಾಣಿಸುತ್ತಿಲ್ಲ, ಎಲ್ಲವೂ ಎಲ್ಲೋ ಓದಿದ ಹಾಗಿದೆ. ಬೂಟ್ ಸಾಲಿಗೆ ಇಎಫ್‌ಐ=ಡೀಬಗ್ ಸೇರಿಸಿ ಯಂತ್ರ ಏಳಿಸಿ, ಡಿಮೆಸ್ಗ್ (ಕರ್ನಲ್‌ನ ಲಾಗ್) ನೋಡಿ. ಇಡೀ ಮೆಮೊರಿ ಮ್ಯಾಪ್ ಸಾಲು ಸಾಲಾಗಿ ಬರುತ್ತದೆ, ರನ್‌ಟೈಮ್ ಗುರುತಿರುವ ಸಾಲುಗಳು ಕಣ್ಣಿಗೆ ಬೀಳುತ್ತವೆ. ಆಮೇಲೆ ರನ್‌ಟೈಮ್-ಮ್ಯಾಪ್ ಫೋಲ್ಡರ್‌ಗೆ ರೂಟ್ ಆಗಿ ಹೋಗಿ, ಅದೇ ಜಾಗದ ಫಿಸಿಕಲ್ ಮತ್ತು ವರ್ಚುವಲ್ ವಿಳಾಸ ಪಕ್ಕಪಕ್ಕ ಇಟ್ಟು ನೋಡಿ. ಮೇಲೆ ಹೇಳಿದ 64 ಜಿಬಿ ಜಾಗದೊಳಗೆ ಅದು ಬೀಳುವುದನ್ನು ನೀವೇ ಕಂಡ ಮೇಲೆ ನಿಮ್ಮ ವಾಕ್ಯಗಳು ತಾವಾಗಿ ಗಟ್ಟಿಯಾಗುತ್ತವೆ. ಧೈರ್ಯವಿದ್ದರೆ ಇಎಫ್‌ಐ=ನೋರನ್‌ಟೈಮ್ ಕೊಟ್ಟು ಮತ್ತೆ ಏಳಿಸಿ, ಬೂಟ್ ಮ್ಯಾನೇಜರ್ ಕೆಲಸ ಮಾಡದೆ ನಿಲ್ಲುವುದನ್ನು ನೋಡಿ ಬರೆಯಿರಿ. ಪೂರ್ತಿ ಪಟ್ಟಿ ಅಂಟಿಸಬೇಡಿ, ಕಥೆಗೆ ಬೇಕಾದ ನಾಲ್ಕೈದು ಸಾಲು ಸಾಕು.

ಅವಸರ ಬೇಡ, ಮುಂದಿನ ಸಂಚಿಕೆ ತಪ್ಪಿದರೆ ಅದರ ಮುಂದಿನದರಲ್ಲಿ ಹಾಕೋಣ. ತಿದ್ದಿದ ಕರಡು ಕಳಿಸುವಾಗ ಯಾವ ಕರ್ನಲ್ ಆವೃತ್ತಿಯಲ್ಲಿ ನೋಡಿದ್ದೀರಿ ಅಂತ ಮೇಲೇ ಬರೆದಿರಿ, ಡಿಮೆಸ್ಗ್‌ನ ಪೂರ್ತಿ ಫೈಲನ್ನು ಬೇರೆಯಾಗಿ ಲಗತ್ತಿಸಿ. ಪ್ರಕಟಿಸಲು ಅಲ್ಲ, ನಿಮ್ಮ ವಿಳಾಸಗಳನ್ನು ನಾನೂ ಒಮ್ಮೆ ಕೂಡಿ ಕಳೆದು ನೋಡಬೇಕು.