ಜಾರ್ಜ್ ಮತ್ತು ಲೆನಿಯ ನಡುವೆ ಇದ್ದದ್ದು ಸ್ನೇಹವೇ

ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್ ಅವರ 1937ರ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯಲ್ಲಿ ಅಲೆಮಾರಿ ಕೂಲಿಯಾದ ಜಾರ್ಜ್, ಬುದ್ಧಿ ಬೆಳೆಯದ ಸಂಗಾತಿ ಲೆನಿಯ ಜೊತೆಗಿರುವುದು ಸ್ನೇಹದಿಂದಲೋ, ಬರಿಯ ಕರುಣೆಯಿಂದಲೋ ಎಂದು ಕೇಳಿದ್ದೀರಿ. ಸ್ನೇಹದಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈಜು ಬಾರದ ಲೆನಿಯನ್ನು ತಾನೇ ತಮಾಷೆಗಾಗಿ ನದಿಗೆ ಹಾರಿಸಿ, ಮುಳುಗುವಷ್ಟರಲ್ಲಿ ಎಳೆದು ತಂದಾಗ, ಹಾರಲು ಹೇಳಿದವನು ಯಾರೆಂಬುದನ್ನೇ ಮರೆತು ಅವನು ಕೃತಜ್ಞತೆ ತೋರಿದ್ದನ್ನು ಜಾರ್ಜ್ ಸ್ವತಃ ಜೊತೆಯ ಕೆಲಸಗಾರ ಸ್ಲಿಮ್‌ನ ಮುಂದೆ ಒಪ್ಪಿಕೊಳ್ಳುತ್ತಾನೆ; ಆಮೇಲೆ ಅಂತಹ ಆಟ ಆಡಿಲ್ಲ. ಒಂಟಿಯಾಗಿ ಅಲೆಯುವ ಕೂಲಿಗಳು ಕ್ರಮೇಣ ಕ್ರೂರಿಗಳಾಗುವುದನ್ನು ಕಂಡಿದ್ದೇನೆಂದೂ ಅಲ್ಲಿಯೇ ಹೇಳುತ್ತಾನೆ, ಎಂದರೆ ಲೆನಿಯ ಅಗತ್ಯ ಅವನಿಗೂ ಇತ್ತು. ಕಪ್ಪು ವರ್ಣದವನೆಂಬ ಕಾರಣಕ್ಕೆ ಉಳಿದ ಆಳುಗಳ ಬಿಡಾರದೊಳಗೆ ಪ್ರವೇಶವಿಲ್ಲದೆ, ಲಾಯದ ಪಕ್ಕದ ಕೋಣೆಯಲ್ಲಿ ಪುಸ್ತಕಗಳೊಡನೆ ಬದುಕುವ ಕ್ರುಕ್ಸ್‌ನ ಅಧ್ಯಾಯವನ್ನು (ಇಡೀ ಕೃತಿಯಲ್ಲಿ ನನ್ನನ್ನು ಅತ್ಯಂತ ನೋಯಿಸಿದ ಭಾಗ ಅದು) ದಯವಿಟ್ಟು ಮತ್ತೊಮ್ಮೆ ಓದಿ: ಜಾರ್ಜ್ ಮರಳಿ ಬಾರದಿದ್ದರೆ ಏನು ಮಾಡುವೆ ಎಂದು ಲೆನಿಯನ್ನು ಪೀಡಿಸುವ ಆ ಮನುಷ್ಯ ವಾಸ್ತವದಲ್ಲಿ ತನ್ನ ಒಂಟಿತನವನ್ನೇ ಹೇಳಿಕೊಳ್ಳುತ್ತಿರುತ್ತಾನೆ.