ಇವತ್ತಿನ ಸ್ತೋತ್ರ ಇವತ್ತಿಗೇ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಮ್ಮದು ಸಿಂಧನೂರು ತಾಲ್ಲೂಕು, ಕಾಲುವೆಯ ಕೊನೆ ಭಾಗದ ಹಳ್ಳಿ. ಈ ಸಲ ಭತ್ತ ತೆನೆ ಬಿಡುವ ಹೊತ್ತಿಗೆ ನೀರು ನಮ್ಮ ತನಕ ಬರಲೇ ಇಲ್ಲ. ಅದೇ ತಿಂಗಳು ಯಜಮಾನರು ಟ್ರ್ಯಾಕ್ಟರ್ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ದಿನಾ ಹತ್ತು ಉಪಕಾರ ಬರೆದಿಡು, ಮನಸ್ಸು ಹಗುರ ಆಗುತ್ತೆ ಅಂತ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಹೇಳಿದರು. ಮೂರು ವಾರ ಬರೆದೆ. ಈಗ ಮಗ್ಗಿ ಒಪ್ಪಿಸಿದ ಹಾಗಾಗಿದೆ. ಉಸಿರು, ಊಟ, ಮಕ್ಕಳು, ಮತ್ತೆ ಉಸಿರು. ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳಲು, ಅಂದರೆ ದೇವರು ಮಾಡಿದ್ದನ್ನ ಎಲ್ಲರ ಮುಂದೆ ಹೇಳಲು ನಿಂತರೆ ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತೆ. ಕಾಲು ಮುರಿದಿದ್ದಕ್ಕೂ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಬೇಕಾ? ದೇವರಿಗೆ ದಿನಾ ಕೃತಜ್ಞತೆಯಿಂದ ಇರುವುದು ಹೇಗೆ?

ಸಂಪಾದಕರ ಉತ್ತರ:

ಅಕ್ಕಾ, ಮೊದಲು ಕಾಲಿನ ಮಾತು ಮುಗಿಸಿಬಿಡೋಣ. ಬೇಡ. ಮುರಿದ ಕಾಲಿಗೆ ಸ್ತೋತ್ರ ಹೇಳಬೇಕಾಗಿಲ್ಲ.

ಬೈಬಲ್‌ನಲ್ಲಿ ಅಪೊಸ್ತಲ ಪೌಲ ಥೆಸಲೊನೀಕದ ಸಭೆಯವರಿಗೆ ಬರೆದದ್ದು (1 ಥೆಸ 5:18) ಎಲ್ಲದರಲ್ಲೂ ಸ್ತೋತ್ರ ಮಾಡಿ ಅಂತ. ಎಲ್ಲದರ ನಡುವೆ ಇದ್ದುಕೊಂಡೇ ಅನ್ನುವ ಅರ್ಥದಲ್ಲಿ. ಹಾಗಾದರೆ ಎಫೆಸದವರಿಗೆ ಬರೆದ ಪತ್ರದಲ್ಲಿ (ಎಫೆಸ 5:20) ಎಲ್ಲದಕ್ಕಾಗಿ ಅಂತ ಇದೆಯಲ್ಲ ಎಂದು ನನ್ನನ್ನು ಹಿಡಿಯುವವರು ಇದ್ದಾರೆ. ಇದೆ, ನಿಜ. ಆದರೆ ಸತ್ತುಹೋದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಏನು ಮಾಡಿದ ನೋಡಿ. ಮೊದಲು ಅತ್ತ. ಆಮೇಲೆ, ನೀನು ನನ್ನ ಮಾತು ಕೇಳಿದ್ದೀಯ ಅಂತ ತಂದೆಗೆ ಸ್ತೋತ್ರ ಹೇಳಿದ. ಲಾಜರ ಸತ್ತಿದ್ದು ಒಳ್ಳೆಯದಾಯಿತು ಅಂತ ಸ್ತೋತ್ರ ಹೇಳಲಿಲ್ಲ. ನನಗೆ ಅಷ್ಟು ಸಾಕು.

ಇನ್ನೊಂದು ಮಾತು ನಮ್ಮಲ್ಲಿ ಜಾಸ್ತಿ ಓಡಾಡುತ್ತೆ. ನಿನಗಿಂತ ಕೆಳಗಿರುವವರನ್ನ ನೋಡು, ಸಮಾಧಾನ ಆಗುತ್ತೆ ಅನ್ನುವುದು. ನಿಮಗೂ ಯಾರೋ ಹೇಳಿರುತ್ತಾರೆ, ಅಲ್ವಾ? ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ ಎರಡೂ ಕಾಲು ಮುರಿದಿತ್ತು, ನಿಮಗೆ ಒಂದೇ ತಾನೇ ಅಂತ. ಯೇಸು ಹೇಳಿದ ಕಥೆಯೊಂದರಲ್ಲಿ, ತಾನೇ ಧರ್ಮಿಷ್ಠ ಅಂದುಕೊಂಡ ಫರಿಸಾಯ ದೇವಾಲಯದಲ್ಲಿ ಮಾಡಿದ್ದೂ ಇದೇ ಪ್ರಾರ್ಥನೆ. ನಾನು ಬೇರೆಯವರ ಹಾಗಿಲ್ಲ, ನಿನಗೆ ಸ್ತೋತ್ರ ಅಂದ. ಪಕ್ಕದ ಮಂಚದವನ ನೋವಿನಲ್ಲಿ ನಮ್ಮ ಸ್ತೋತ್ರ ಹುಡುಕುವುದು ನನಗಂತೂ ಸೇರುವುದಿಲ್ಲ.

ಈಗ ನಿಮ್ಮ ನೋಟ್‌ಬುಕ್ಕು. ಬೈಬಲ್‌ನ ಯಾಜಕಕಾಂಡ 7ನೇ ಅಧ್ಯಾಯ ತೆಗೆದು ಓದಿ. ಬಲಿಗಳ ನಿಯಮ ಅಂತ ನಾವು ಹಾರಿಸಿಬಿಡುವ ಭಾಗ ಅದು. ಅಲ್ಲಿ ಹರಕೆಯ ಬಲಿ ಇದೆ, ಕೃತಜ್ಞತೆಯ ಬಲಿ ಇದೆ. ಹರಕೆಯದ್ದರ ಮಾಂಸ ಮಾರನೇ ದಿನಕ್ಕೆ ಉಳಿದರೂ ತಿನ್ನಬಹುದು. ಕೃತಜ್ಞತೆಯದ್ದು ಹಾಗಲ್ಲ. ಅರ್ಪಿಸಿದ ದಿನವೇ ತಿಂದು ಮುಗಿಸಬೇಕು, ಬೆಳಗಿನ ತನಕ ಏನೂ ಇಡಬಾರದು. ಜೊತೆಗೆ ರೊಟ್ಟಿಗಳು ಬೇರೆ. ಹುಳಿಯಿಲ್ಲದವು, ಹುಳಿ ಹಿಟ್ಟಿನವು, ಎರಡೂ. ಒಂದು ಕುರಿಯನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸೋಕೆ ಆಗುತ್ತಾ? ಆಗಲ್ಲ. ಅಕ್ಕಪಕ್ಕದವರನ್ನ ಕರೆಯಲೇಬೇಕು. ಕರೆದ ಮೇಲೆ ಬಂದವರು ಕೇಳದೇ ಬಿಡುತ್ತಾರಾ, ಏನು ವಿಶೇಷ ಅಂತ? ಹೇಳಲೇಬೇಕು.

ನೀವು ಹತ್ತು ಬರೆದು ಕೂಡಿಡುತ್ತಿದ್ದೀರಿ. ಇದು ಕೂಡಿಡುವ ಪದಾರ್ಥ ಅಲ್ಲ ಅನ್ನುವುದು ನನ್ನ ಅನಿಸಿಕೆ. ಒಂದೇ ಸಾಕು. ಆದರೆ ಅದು ಇವತ್ತಿನದೇ ಆಗಿರಬೇಕು. ನಿನ್ನೆ ಇಲ್ಲದ್ದು, ನಾಳೆ ಇರುತ್ತೋ ಇಲ್ಲವೋ ಗೊತ್ತಿಲ್ಲದ್ದು.

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ರಾತ್ರಿ ಕೊನೆಯ ರೊಟ್ಟಿ ಹಂಚಿನಿಂದ ಇಳಿಸಿ, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು ಕೆಂಡದ ಮೇಲೆ ನೀರು ಚಿಮುಕಿಸುತ್ತಿದ್ದಳು. ಚುಂಯ್ ಅನ್ನುವಾಗಲೇ ಅವಳ ಪ್ರಾರ್ಥನೆ. "ಹಿಂದಿನ ಮನೆಯಾಕಿ ಇವತ್ತು ಎರಡು ಕೊಡ ನೀರು ಕೊಟ್ಲಪ್ಪ. ನೀನೇ ಕಳಿಸಿದ್ದಿ. ಆಕಿ ಹೊಟ್ಟಿ ತಣ್ಣಗಿರ್ಲಿ." ಮುಗೀತು. ಕೆಲವು ದಿನ, "ಇವತ್ತು ನಂಗೇನೂ ಕಾಣವಲ್ದು, ನೀನೇ ತೋರಿಸು" ಅಂದು ಎದ್ದುಬಿಡುತ್ತಿದ್ದಳು. ಅದನ್ನೂ ದೇವರಿಗೇ ಹೇಳಿದಳಲ್ಲ.

ಅವ್ವನ ಬಾಯಲ್ಲಿ ಧನ್ಯವಾದ ಅನ್ನುವ ಪದವನ್ನು ನಾನು ಒಮ್ಮೆಯೂ ಕೇಳಿಲ್ಲ. ನಮ್ಮ ಕಡೆ ಮನೆಯೊಳಗೆ ಯಾರು ಅದನ್ನ ಬಳಸುತ್ತಾರೆ ಹೇಳಿ? ಉಪಕಾರ ಆಯ್ತು ಅಂತೀವಿ, ಪುಣ್ಯ ಬರ್ಲಿ ಅಂತೀವಿ. ಕನ್ನಡ ಬೈಬಲ್‌ನ ಕೆಲಸಕ್ಕೆ ಕೈಹಾಕಿದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿದ್ದು ನಮ್ಮ ಬಳ್ಳಾರಿಯಲ್ಲೇ. ಇವತ್ತು ನಾವು ಓದುವ ಬೈಬಲ್‌ನ 103ನೇ ಕೀರ್ತನೆಯಲ್ಲೂ ಅವ್ವನ ಪದವೇ ಇದೆ. ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ.

ಮರೆಯುವುದಂತೂ ಮರೆಯುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋಯಿತಲ್ಲ, ಅಲ್ಲಿ ಒಟ್ಟು 33 ಗೇಟುಗಳಿವೆ ಅಂತ ನನಗೆ ಗೊತ್ತಾಗಿದ್ದೇ ಆಗ. ಹುಟ್ಟಿದಾಗಿನಿಂದ ಆ ನೀರಿನ ಅನ್ನ ಉಂಡವನು ನಾನು. ತಾತ್ಕಾಲಿಕ ಗೇಟು ಕೂರಿಸುವ ತನಕ ಆ ವಾರವಿಡೀ ಕೊಪ್ಪಳ, ರಾಯಚೂರು, ಬಳ್ಳಾರಿಯ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಉಳಿದ 32 ಗೇಟುಗಳು ಕೊಚ್ಚಿ ಹೋಗದೆ ನಿಂತೇ ಇದ್ದವು. ಅವುಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಇದನ್ನ ಕಾಲುವೆಯ ಕೊನೆಯಲ್ಲಿರುವ ನಿಮಗೆ ಹೇಳಲು ನನಗೆ ಸ್ವಲ್ಪ ಮುಜುಗರವೇ. ನಿಮ್ಮ ಹೊಲಕ್ಕೆ ನೀರು ಬರಲಿಲ್ಲ. ಅದು ದೂರು, ದೂರಾಗಿಯೇ ಇರಲಿ. ಸಂಬಂಧಪಟ್ಟವರ ಮುಂದೆ ಅದನ್ನ ಗಟ್ಟಿಯಾಗಿಯೇ ಹೇಳಿ. ಸ್ತೋತ್ರ ಹೇಳಿದವರು ಅರ್ಜಿ ಕೊಡಬಾರದು ಅಂತ ಯಾವ ವಚನದಲ್ಲೂ ಇಲ್ಲ.

ಸಾಕ್ಷಿಯಲ್ಲೂ ಹೇಳಿ. ಧರ್ಮೋಪದೇಶಕಾಂಡ 26ರಲ್ಲಿ ಮೊದಲ ಬೆಳೆಯ ಬುಟ್ಟಿ ತಂದ ರೈತ ದೇವರ ಮುಂದೆ ಏನು ಹೇಳಬೇಕು ಗೊತ್ತಾ? ನಮ್ಮ ಹಿರಿಯ ಊರೂರು ಅಲೆದವನು, ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ನಮ್ಮನ್ನು ಕಾಡಿದರು, ಕೂಗಿಕೊಂಡೆವು ಅಂತ ಶುರು ಮಾಡಬೇಕು. ಅಷ್ಟೆಲ್ಲ ಹೇಳಿದ ಮೇಲೆಯೇ ಬುಟ್ಟಿಯ ಮಾತು. ನಮ್ಮ ಸುಗ್ಗಿ ಹಬ್ಬಗಳಲ್ಲಿ ಆ ಭಾಗ ಬಿಟ್ಟುಹೋಗಿದೆ. ನೇರ ಕುಂಬಳಕಾಯಿ ಹರಾಜಿಗೇ ಇಳಿದುಬಿಡುತ್ತೇವೆ! ಈ ಭಾನುವಾರ ನೀವು ನಿಂತಾಗ ಒಣಗಿದ ಭತ್ತದಿಂದಲೇ ಶುರು ಮಾಡಿ. ಸುಳ್ಳು ಅನ್ನಿಸುವುದಿಲ್ಲ. ಸಭಾಪಾಲಕರು ಹುಬ್ಬೇರಿಸಿದರೆ ಅಧ್ಯಾಯ ತೋರಿಸಿ.

ಕೊನೆಗೊಂದು ವಿಷಯ. ನಿಮ್ಮ ಪತ್ರದ ಹಿಂಬದಿಯಲ್ಲಿ, ಪತ್ರ ತಡವಾಗಿದ್ದಕ್ಕೆ ಕಾರಣ ಕೊಡುತ್ತಾ ಎರಡು ಸಾಲು ಗೀಚಿದ್ದೀರಿ. ಎದುರು ಮನೆಯ ಹುಡುಗ ದಿನಾ ಸಂಜೆ ಮಜ್ಜಿಗೆ ತರುತ್ತಾನೆ, ಯಜಮಾನರ ಜೊತೆ ಚೌಕಾಬಾರ ಆಡುತ್ತಾ ಕೂರುತ್ತಾನೆ, ಇಬ್ಬರ ಗಲಾಟೆಯಲ್ಲಿ ಬರೆಯಲು ಆಗುವುದಿಲ್ಲ ಅಂತ. ನೀವು ಕಳಿಸಿದ ಮೂರು ವಾರದ ಪಟ್ಟಿಯನ್ನು ಎರಡು ಸಲ ನೋಡಿದೆ. ಆ ಹುಡುಗ ಅದರಲ್ಲಿ ಎಲ್ಲೂ ಇಲ್ಲ.