ನಾಲ್ವಡಿಯವರ ಮೈಸೂರು ಮತ್ತು ಗಣರಾಜ್ಯ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ನಾಲ್ವಡಿ ಕೃಷ್ಣರಾಜ ಒಡೆಯರಂತಹ ಅರಸರನ್ನು ಕಂಡ ನಾಡಿಗೆ ಗಣರಾಜ್ಯವು ಹೆಚ್ಚಿನದೇನು ಕೊಟ್ಟಿದೆ ಎಂದು ದಾವಣಗೆರೆಯಿಂದ ಬರೆದಿರುವ ತಾವು ಕೇಳಿದ್ದೀರಿ. ನಾರ್ವೆ, ಜಪಾನುಗಳಲ್ಲಿ ಇಂದಿಗೂ ರಾಜಮನೆತನಗಳು ಉಳಿದಿರುವುದನ್ನು ನೆನಪಿಸಿ, ಅರಸೊತ್ತಿಗೆಯೇ ಮೇಲೆಂದು ತೀರ್ಮಾನಿಸಿದ್ದೀರಿ.

ಕನ್ನಂಬಾಡಿ ಕಟ್ಟೆ, 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ, 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯಿಂದಾಗಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ದೊರೆತ ಆದ್ಯತೆ, ಇವುಗಳ ಹಿರಿಮೆಯ ಬಗ್ಗೆ ನಮ್ಮ ತಕರಾರಿಲ್ಲ. ಸಮಿತಿಯ ವಿಚಾರದಲ್ಲಂತೂ ಮಹಾರಾಜರು ದಿವಾನ್ ವಿಶ್ವೇಶ್ವರಯ್ಯನವರ ಅಸಮ್ಮತಿಯನ್ನೂ ಮೀರಿ ಮುಂದುವರಿದರು. ಆದರೆ ತಾವು ಅತ್ಯುತ್ತಮ ಅರಸರೊಬ್ಬರನ್ನು ಸಾಧಾರಣ ಸರ್ಕಾರಗಳ ಜೊತೆಗಿಟ್ಟು ತೂಗುತ್ತಿದ್ದೀರಿ. ವ್ಯವಸ್ಥೆಗಳನ್ನು ಹೋಲಿಸುವಾಗ ಕೇಳಬೇಕಾದದ್ದು, ಆಳುವವರು ಎಡವಿದಾಗ ಅವರನ್ನು ತಿದ್ದುವ ಇಲ್ಲವೇ ಇಳಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದನ್ನು.

ಅದೇ ಮನೆತನದ ಮುಮ್ಮಡಿ ಕೃಷ್ಣರಾಜರ ಕಾಲವನ್ನು ನೋಡಿ. ಮಲೆನಾಡಿನ ನಗರ (ಬಿದನೂರು) ಸೀಮೆಯ ರೈತರು 1830ರಲ್ಲಿ ಕಂದಾಯದ ಕಾಟ ತಾಳಲಾರದೆ ದಂಗೆಯೆದ್ದರು; ಮರುವರ್ಷ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡರು. ದಂಗೆಯೆದ್ದವರು ರೈತರು, ಅಧಿಕಾರ ಸೇರಿದ್ದು ಕಮಿಷನರುಗಳ ಕೈಗೆ. ಐವತ್ತು ವರ್ಷಗಳ ತರುವಾಯ, 1881ರಲ್ಲಿ, ರಾಜ್ಯವು ಒಡೆಯರಿಗೆ ಮರಳಿದ್ದೂ ಬ್ರಿಟಿಷರು ವಿಧಿಸಿದ ಷರತ್ತುಗಳೊಂದಿಗೆ. ನಾವು ಹೆಮ್ಮೆಪಡುವ ಮಾದರಿ ಸಂಸ್ಥಾನದ ಅರಸರು ಕಟ್ಟಕಡೆಗೆ ಉತ್ತರ ಹೇಳಬೇಕಿದ್ದುದು ಪ್ರಜೆಗಳಿಗಲ್ಲ.

ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತಲ್ಲ ಎಂದು ತಾವು ಕೇಳಬಹುದು. ಸಭೆಯಲ್ಲಿ ಅಹವಾಲು ಹೇಳಿಕೊಳ್ಳಬಹುದಿತ್ತು. ದಿವಾನರನ್ನು ಕೆಳಗಿಳಿಸುವ ಅಧಿಕಾರ ಅದಕ್ಕೆ ಎಂದೂ ಬರಲಿಲ್ಲ. ನಾಲ್ವಡಿಯವರ ಆಳ್ವಿಕೆಯಲ್ಲೇ, 1938ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದಲ್ಲಿ ಸೇರಿದ್ದ ಸತ್ಯಾಗ್ರಹಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅರಸರ ಸಜ್ಜನಿಕೆಯನ್ನು ಯಾರೂ ಅಲ್ಲಗಳೆಯಲಾರರು, ಆದರೆ ಸತ್ತವರ ಮನೆಯವರು ಆ ಸರ್ಕಾರವನ್ನು ಮತದಿಂದ ಶಿಕ್ಷಿಸುವಂತಿರಲಿಲ್ಲ. ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ಇಲ್ಲಿನ ಜನ ‘ಮೈಸೂರು ಚಲೋ’ ನಡೆಸಬೇಕಾಯಿತು, ಕೆ.ಸಿ. ರೆಡ್ಡಿಯವರ ಸಂಪುಟ ಬಂದದ್ದು 1947ರ ಅಕ್ಟೋಬರ್‌ನಲ್ಲಿ.

ನಾರ್ವೆ, ಜಪಾನುಗಳ ಉದಾಹರಣೆ ತಮ್ಮ ವಾದಕ್ಕೆ ನೆರವಾಗದು. ನಾರ್ವೆಯವರು 1905ರಲ್ಲಿ ಜನಮತ ಕೇಳಿಯೇ ಡೆನ್ಮಾರ್ಕಿನ ರಾಜಕುಮಾರನನ್ನು ಸಿಂಹಾಸನಕ್ಕೆ ಕರೆದರು; ಜಪಾನಿನ ಚಕ್ರವರ್ತಿಗೆ 1947ರ ಸಂವಿಧಾನ ಆಳುವ ಅಧಿಕಾರವನ್ನೇ ಉಳಿಸಿಲ್ಲ. ಎರಡೂ ಕಡೆ ಆಳುತ್ತಿರುವುದು ಚುನಾಯಿತ ಸರ್ಕಾರ.

ಗಣರಾಜ್ಯವೂ ಎಡವುತ್ತದೆ, ಮಕ್ಕಳು ಮೊಮ್ಮಕ್ಕಳಿಗೆ ಕ್ಷೇತ್ರ ಬಿಟ್ಟುಕೊಡುವ ನಮ್ಮ ನಾಯಕರನ್ನು ಕಂಡರೆ ಅರಸೊತ್ತಿಗೆ ಹೋಯಿತೇ ಎಂಬ ಅನುಮಾನವೂ ಬರುತ್ತದೆ. 1975ರ ತುರ್ತು ಪರಿಸ್ಥಿತಿಯಲ್ಲಿ ಚುನಾಯಿತ ಪ್ರಧಾನಿ ಇಂದಿರಾ ಗಾಂಧಿಯವರೇ ವಿರೋಧಿಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದರು. ಆದರೆ 1977ರಲ್ಲಿ ರಾಯ್‌ಬರೇಲಿಯ ಮತದಾರರು ಅವರನ್ನು ಸೋಲಿಸಿದರು. ಮರುವರ್ಷ ನಮ್ಮ ಚಿಕ್ಕಮಗಳೂರಿನವರು ಅವರನ್ನೇ ಗೆಲ್ಲಿಸಿ ಲೋಕಸಭೆಗೆ ಕಳುಹಿಸಿದರು. ಈ ಎರಡರಲ್ಲಿ ಯಾವ ತೀರ್ಪು ಸರಿ ಎಂಬ ಬಗ್ಗೆ ತಮಗೂ ನಮಗೂ ಭಿನ್ನಾಭಿಪ್ರಾಯವಿರಬಹುದು, ಆದರೆ ಎರಡಕ್ಕೂ ದಂಗೆಯಾಗಲಿ ಬೆಂಟಿಂಕನ ಅಪ್ಪಣೆಯಾಗಲಿ ಬೇಕಾಗಲಿಲ್ಲ.